12 ಪಾಯಿಂಟ್ ಆಗುವ ಹಾಗಿದೆ, ಲೈಸೆನ್ಸ್ ಉಳಿಸಲು ಸಾಲಿಸಿಟರ್‌ಗೆ ದುಡ್ಡು ಕೊಡಬೇಕೇ?

ಇಂಗ್ಲೆಂಡಿನ ನಿಮ್ಮ ಲೈಸೆನ್ಸಿನಲ್ಲಿ ಸಂಚಾರ ತಪ್ಪುಗಳಿಗೆ ಹಾಕುವ ದಂಡದ ಪಾಯಿಂಟ್ ಈಗಾಗಲೇ 9 ಇವೆ, ಈಗ 30 ಮೈಲಿ ಮಿತಿಯ ರಸ್ತೆಯಲ್ಲಿ 38ರಲ್ಲಿ ಹೋಗಿದ್ದಕ್ಕೆ ಕೋರ್ಟ್ ನೋಟಿಸ್ ಬಂದಿದೆ ಅಂದಿದ್ದೀರಿ. ಸಾಲಿಸಿಟರ್ (ವಕೀಲರ) ಫೀಸಿನ ಮಾತಿಗಿಂತ ಮೊದಲು ತಾರೀಖು ನೋಡಿ. ಇಂಗ್ಲೆಂಡಿನಲ್ಲಿ ಈ ಪಾಯಿಂಟ್‌ಗಳು 4 ವರ್ಷ ಕಾಣಿಸುತ್ತವೆ, ಆದರೆ ಕೂಡುವ ಲೆಕ್ಕಕ್ಕೆ ಬರುವುದು 3 ವರ್ಷದೊಳಗೆ ನಡೆದ ತಪ್ಪುಗಳು ಮಾತ್ರ. ಎಣಿಸಬೇಕಾದ್ದು ತಪ್ಪು ನಡೆದ ದಿನಗಳನ್ನು, ಕೋರ್ಟಿನ ದಿನವನ್ನಲ್ಲ. ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎ ವೆಬ್‌ಸೈಟಿನಲ್ಲಿ ಈ ದಿನಾಂಕಗಳು ಪುಕ್ಕಟೆ ಸಿಗುತ್ತವೆ. ಹಳೆಯ ಒಂದು ತಪ್ಪು ಆ ಗಡಿ ದಾಟಿದ್ದರೆ ನಿಮಗೆ 12 ಆಗುವುದೇ ಇಲ್ಲ.

12 ಆಗುವುದು ಖಚಿತವಾದರೆ ಗಾಡಿ ಓಡಿಸುವುದಕ್ಕೆ ಕನಿಷ್ಠ 6 ತಿಂಗಳ ನಿಷೇಧ. ಅದನ್ನು ತಪ್ಪಿಸಲು ಸಾಮಾನ್ಯವಾಗಿ ಹಿಡಿಯುವ ದಾರಿ 'ಎಕ್ಸೆಪ್ಷನಲ್ ಹಾರ್ಡ್‌ಶಿಪ್', ಅಂದರೆ ನಿಷೇಧದಿಂದ ಮಾಮೂಲಿಗಿಂತ ಮೀರಿದ ಕಷ್ಟ ಆಗುತ್ತದೆ ಎಂಬ ವಾದ. ಸಾಲಿಸಿಟರ್ ಫೀಸು ಹೋಗುವುದು ಬಹುತೇಕ ಇದಕ್ಕೇ. ಇಲ್ಲಿ ವಾಕ್ಚಾತುರ್ಯಕ್ಕಿಂತ ಕಾಗದ ಮುಖ್ಯ. 'ಕೆಲಸ ಹೋಗುತ್ತೆ' ಅಂದರೆ ಸಾಲದು, ಅದು ನಿಷೇಧದ ಮಾಮೂಲಿ ಪರಿಣಾಮ ಅಂತ ಕೋರ್ಟು ಅಂದುಬಿಡಬಹುದು. ನಿಮ್ಮಿಂದಾಗಿ ತಪ್ಪೇ ಮಾಡದ ಬೇರೆಯವರಿಗೆ ಏನಾಗುತ್ತದೆ ಎಂಬುದಕ್ಕೆ ತೂಕ ಹೆಚ್ಚು: ನೀವೇ ಡಯಾಲಿಸಿಸ್‌ಗೆ ಕರೆದೊಯ್ಯುವ ತಾಯಿ, ನಿಮ್ಮನ್ನೇ ನಂಬಿದ ನೌಕರರು. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಪತ್ರ, ಜಿಪಿ (ನಿಮ್ಮ ಸ್ಥಳೀಯ ವೈದ್ಯರ) ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ನಿಮ್ಮ ಪಾಳಿಗೆ ಹೊಂದದ ಬಸ್ ವೇಳಾಪಟ್ಟಿ ಕೂಡಿಸಿ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಬೇಕಾದವರು ನೀವೇ. ಟ್ಯಾಕ್ಸಿ ಯಾಕಾಗದು, ಹೆಂಡತಿ ಓಡಿಸುವುದಿಲ್ಲವೇ, ಉಳಿತಾಯ ಎಷ್ಟಿದೆ ಅಂತ ಕೆದಕುತ್ತಾರೆ. ಇವಕ್ಕೆ ಮೊದಲೇ ತಯಾರು ಮಾಡಿಸುವುದೇ ಒಳ್ಳೆಯ ಸಾಲಿಸಿಟರಿನ ನಿಜವಾದ ಕೆಲಸ.

ಗೆದ್ದರೂ ಆ 12 ಪಾಯಿಂಟ್ ಅಳಿಸುವುದಿಲ್ಲ. ಇನ್ನೊಂದು ಕ್ಯಾಮೆರಾಗೆ ಸಿಕ್ಕರೆ ಮತ್ತೆ ಕೋರ್ಟು, ಮತ್ತು 3 ವರ್ಷದೊಳಗೆ ಅದೇ ಕಾರಣಗಳನ್ನು ಹೇಳುವಂತಿಲ್ಲ. 6 ತಿಂಗಳ ನಿಷೇಧ ಅನುಭವಿಸಿದರೆ ಪಾಯಿಂಟ್ ಅಳಿದುಹೋಗುತ್ತವೆ. ಹಾಗಾಗಿ ಅವಲಂಬಿತರಿಲ್ಲದೆ ಟ್ಯೂಬ್ (ಲಂಡನ್ ಮೆಟ್ರೋ) ಸ್ಟೇಷನ್ ಪಕ್ಕದಲ್ಲಿರುವವರಿಗೆ ನಾನು ಫೀಸಿನ ದುಡ್ಡನ್ನು ಟ್ಯಾಕ್ಸಿಗೆ ಇಟ್ಟುಕೊಳ್ಳಿ ಅನ್ನುತ್ತೇನೆ. ಮನೆಯಲ್ಲಿ ರೋಗಿ ಇದ್ದರೆ, ಕೈಕೆಳಗೆ ಜನರಿದ್ದರೆ ಕೊಡಿ.

ಬೆಂಗಳೂರಿನಿಂದ ಬಂದು ಇಲ್ಲಿ ಲೈಸೆನ್ಸ್ ಮಾಡಿಸಿದವರಿಗೆ ಇನ್ನೊಂದು ಗುಂಡಿ ಇದೆ. ಊರಲ್ಲಿ ಹದಿನೈದು ವರ್ಷ ಓಡಿಸಿದ್ದರೂ, ಇಲ್ಲಿನ ಟೆಸ್ಟ್ ಪಾಸಾದ ದಿನದಿಂದ 2 ವರ್ಷ ನೀವು ಹೊಸ ಚಾಲಕರೇ. ಆ ಅವಧಿಯ ತಪ್ಪುಗಳಿಂದ 6 ಪಾಯಿಂಟ್ ಆದರೆ ಡಿವಿಎಲ್‌ಎ ತಾನಾಗಿಯೇ ಲೈಸೆನ್ಸ್ ರದ್ದು ಮಾಡುತ್ತದೆ. ಅಲ್ಲಿ ಹಾರ್ಡ್‌ಶಿಪ್ ವಾದ ನಡೆಯುವುದಿಲ್ಲ, ಥಿಯರಿಯಿಂದ ಮತ್ತೆ ಶುರು. ಕುಡಿದು ಓಡಿಸಿದ ಪ್ರಕರಣಕ್ಕೂ ಈ ವಾದ ಇಲ್ಲ.

ಬಂದಿರುವುದು ಸಿಂಗಲ್ ಜಸ್ಟಿಸ್ ಪ್ರೊಸೀಜರ್ (ಒಬ್ಬರೇ ಮ್ಯಾಜಿಸ್ಟ್ರೇಟ್ ಕಾಗದ ನೋಡಿ ತೀರ್ಮಾನಿಸುವ) ನೋಟಿಸ್ ಆಗಿದ್ದರೆ 21 ದಿನದೊಳಗೆ ಉತ್ತರಿಸಿ. ತಪ್ಪೊಪ್ಪಿಕೊಳ್ಳುವುದಾದರೂ ಖುದ್ದಾಗಿ ಹಾಜರಾಗುವ ಆಯ್ಕೆಯನ್ನು ಗುರುತು ಮಾಡಿ. ಬೇಗ ಒಪ್ಪಿದರೆ ದಂಡ ಮೂರನೇ ಒಂದರಷ್ಟು ಇಳಿಯಬಹುದು, ಪಾಯಿಂಟ್ ಇಳಿಯುವುದಿಲ್ಲ.

ಫೀಸು ಕೊಡುವ ಮುನ್ನ ಕಾರ್ ಇನ್ಶೂರೆನ್ಸಿನಲ್ಲಿ ಕಾನೂನು ನೆರವು ಸೇರಿದೆಯೇ ನೋಡಿ. ಫೀಸು ಫಿಕ್ಸೆಡ್ಡೇ, ವ್ಯಾಟ್ ಸೇರಿದೆಯೇ, ಕೇಸ್ ಮುಂದೂಡಿದರೆ ಮತ್ತೆ ಕೊಡಬೇಕೇ, ಆ ದಿನ ಬರುವವರು ಯಾರು ಎಂಬುದನ್ನು ಬರಹದಲ್ಲಿ ಕೇಳಿ. ಲೈಸೆನ್ಸ್ ಉಳಿಸಿಕೊಡುತ್ತೇನೆ ಅಂತ ಗ್ಯಾರಂಟಿ ಕೊಡುವವರ ಹತ್ತಿರ ಹೋಗಲೇಬೇಡಿ.