ಕನ್ನಡದಲ್ಲಿ ಆಜ್ಞೆ ಕೊನೆ ಪದದಲ್ಲಿದೆ, ಅಲ್ಲೇ ಹುಡುಕಲಿ

ಪ್ರಶ್ನೆ: ಮಗಳು ಇಂಗ್ಲಿಷ್ ಮೀಡಿಯಂನಲ್ಲಿ 3ನೇ ತರಗತಿ. ಕನ್ನಡದಲ್ಲಿ ಆಜ್ಞಾರ್ಥಕ ವಾಕ್ಯ, ಭಾವಸೂಚಕ ವಾಕ್ಯ ಗುರುತಿಸು ಅಂದರೆ ಅದಲುಬದಲು ಮಾಡುತ್ತಾಳೆ. ಬರೆಯುವಾಗ ಸಿಕ್ಕ ಸಿಕ್ಕ ಕಡೆ ‘!’ ಹಾಕುತ್ತಾಳೆ. ಹೇಗೆ ಕಲಿಸಲಿ? (ಒಬ್ಬ ತಾಯಿ, ಮೈಸೂರು)

ಉತ್ತರ: ‘ಇದು ಆಜ್ಞೆ ಅಂತ ನಿನಗೆ ಹೇಗೆ ಗೊತ್ತಾಯ್ತು?’ ಅಂತ ಮೊದಲು ಅವಳನ್ನೇ ಕೇಳಿ. ‘ಮೊದಲನೇ ಪದ ನೋಡಿದೆ’ ಅಂದರೆ ಆಶ್ಚರ್ಯ ಬೇಡ. ಇಂಗ್ಲಿಷ್ ಮೀಡಿಯಂ ಮಕ್ಕಳು ನನಗೆ ಈ ಉತ್ತರವನ್ನು ಎಷ್ಟೋ ಸಲ ಕೊಟ್ಟಿದ್ದಾರೆ. ‘ಕ್ಲೋಸ್ ದ ಡೋರ್’ ಅನ್ನುವಾಗ ಕ್ರಿಯಾಪದ ಮುಂದಿದೆ. ‘ಬಾಗಿಲು ಹಾಕು’ ಅನ್ನುವಾಗ ಅದು ಕೊನೆಯಲ್ಲಿದೆ. ಮಗು ಅಲ್ಲಿ ಕಲಿತ ಸೂತ್ರವನ್ನೇ ಇಲ್ಲಿ ಹಿಡಿದು ಕೂತಿದೆ, ಅಷ್ಟೇ. ‘ಕನ್ನಡದಲ್ಲಿ ಕೊನೆ ಪದ ನೋಡು’ ಅಂತ ಹೇಳಿಕೊಡಿ.

ಆ ಕೊನೆ ಪದದಲ್ಲಿ ಏನು ನೋಡಬೇಕು? ಓದು, ಕೊಡು, ನಡೆ, ಬರೆ. ಯಾವ ಬಾಲವೂ ಇಲ್ಲದ ಧಾತುವೇ, ಅಂದರೆ ಕ್ರಿಯಾಪದದ ಮೂಲ ರೂಪವೇ, ನಮ್ಮಲ್ಲಿ ಆಜ್ಞೆ. ‘ಬರು’, ‘ತರು’ ಥರದ ಕೆಲವು ಮಾತ್ರ ರೂಪ ಬದಲಿಸಿ ‘ಬಾ’, ‘ತಾ’ ಆಗುತ್ತವೆ. ಬೇಡ ಅನ್ನುವುದೂ ಆಜ್ಞೆಯೇ: ಓಡಬೇಡ, ಮುಟ್ಟಬೇಡ.

ದೊಡ್ಡವರಿಗೋ ಹಲವರಿಗೋ ಆದರೆ ಕೊಡಿ, ಬನ್ನಿ, ಓದಿ. ಧಾರವಾಡದ ಕಡೆ ಬರ್ರಿ, ಕೊಡ್ರಿ. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ‘ರವಿ ಪಾಠ ಓದಿ ಮಲಗಿದ.’ ಇದರಲ್ಲೂ ‘ಓದಿ’ ಇದೆ. ಆದರೆ ಯಾರೂ ಯಾರಿಗೂ ಏನನ್ನೂ ಮಾಡು ಅಂತ ಹೇಳುತ್ತಿಲ್ಲ, ಅಲ್ವಾ? ಅನುಮಾನ ಬಂದಾಗ ‘ಓದಿ’ ತೆಗೆದು ‘ಓದು’ ಇಟ್ಟು ನೋಡಲಿ. ‘ಮಕ್ಕಳೇ, ಪಾಠ ಓದಿ’ ಅನ್ನುವುದು ‘ಮಗು, ಪಾಠ ಓದು’ ಆಗುತ್ತದೆ. ‘ರವಿ ಪಾಠ ಓದು ಮಲಗಿದ’ ಅಂದರೆ ಅವಳೇ ನಗುತ್ತಾಳೆ. ನಕ್ಕರೆ ಅರ್ಥವಾಯಿತು ಅಂತಲೇ ಲೆಕ್ಕ. ಆಮೇಲೆ ‘ಹಾಡು ಹಾಡು’ ಅಂತ ಬರೆದು, ಎರಡರಲ್ಲಿ ಆಜ್ಞೆ ಯಾವುದು ಅಂತ ಕೇಳಿ. ಕೊನೇದು ಅಂತ ತಟ್ಟನೆ ಹೇಳುತ್ತಾಳೆ ನೋಡಿ.

ಭಾವಸೂಚಕ ವಾಕ್ಯಕ್ಕೆ ಈ ಉಪಾಯ ನಡೆಯುವುದಿಲ್ಲ. ಅದನ್ನು ಕಿವಿಯಿಂದಲೇ ಹಿಡಿಯಬೇಕು. ಒಂದು ಬುಟ್ಟಿ ಮಾವಿನಹಣ್ಣು ಮುಂದಿಟ್ಟುಕೊಳ್ಳಿ. ‘ಎಷ್ಟು ಹಣ್ಣು?’ ಅಂತ ನೀವು ಕೇಳಿ, ಅವಳು ಎಣಿಸಿ ಹೇಳಲಿ. ಈಗ ಕಣ್ಣರಳಿಸಿ ‘ಅಬ್ಬಾ, ಎಷ್ಟು ಹಣ್ಣು!’ ಅನ್ನಿ. ಈ ಸಲ ಎಣಿಸುವ ಕೆಲಸವಿಲ್ಲ. ಅದೇ ‘ಎಷ್ಟು’, ಆದರೆ ಉತ್ತರ ಬೇಕಿಲ್ಲ. ‘ಎಂಥ’ ಕೂಡ ಹಾಗೇ. ಅಯ್ಯೋ, ಆಹಾ, ಛೆ, ಶಭಾಷ್ ಇದ್ದರೆ ಗುರುತಿಸುವುದು ಸುಲಭ. ಅವು ಇಲ್ಲದ ‘ಮಳೆ ಬಂತಲ್ಲ!’ ಥರದ ವಾಕ್ಯಗಳನ್ನು ಗಟ್ಟಿಯಾಗಿ ಓದಿಸಿ.

‘!’ ಚಿಹ್ನೆಯನ್ನು ಕೊನೆಗೆ ಕಲಿಸಿ. ಇದು ನನ್ನ ಗಟ್ಟಿ ಅಭಿಪ್ರಾಯ. ಓಲೆಗರಿಯ ಕಾಲದಲ್ಲಿ ಕನ್ನಡಕ್ಕೆ ಈ ಚಿಹ್ನೆ ಇರಲಿಲ್ಲ, ಅಚ್ಚಿನ ಪುಸ್ತಕಗಳ ಜೊತೆ ಬಂತು. ಅದಕ್ಕೂ ಮೊದಲೇ ನಮ್ಮ ಜನ ಬೆರಗು, ನೋವು ಎಲ್ಲವನ್ನೂ ಬರೆದಿದ್ದಾರೆ. ‘ನೀರು ಕೊಡು.’ ಇದಕ್ಕೆ ಪೂರ್ಣವಿರಾಮ ಸಾಕು. ‘ಹಾವು! ಓಡು!’ ಅಂತ ಕೂಗಿದರೆ ಆಜ್ಞೆಗೂ ‘!’ ಬರುತ್ತದೆ. ಹಾಗಾಗಿ ಚಿಹ್ನೆ ನೋಡಿ ವಾಕ್ಯದ ಜಾತಿ ಹೇಳುವ ಅಭ್ಯಾಸವನ್ನು ಈಗಲೇ ಬಿಡಿಸಿ.

ಬರೆಯಿಸೋಕೆ ವರ್ಕ್‌ಶೀಟ್ ಬೇಡ, ಅಡುಗೆಮನೆಗೆ ಕರೆದುಕೊಂಡು ಹೋಗಿ. ಕೋಸಂಬರಿ ಮಾಡುವ ಬಗೆಯನ್ನು ತಮ್ಮನಿಗೆ ಹೇಳುವ ಹಾಗೆ ಬರೆಯಲಿ: ‘ಹೆಸರುಬೇಳೆ ನೆನೆಸು. ಸೌತೆಕಾಯಿ ಹೆಚ್ಚು. ಕಾಯಿತುರಿ ಹಾಕು. ನಿಂಬೆಹಣ್ಣು ಹಿಂಡು.’ ಅದನ್ನೇ ಪಕ್ಕದ ಮನೆ ಆಂಟಿಗೆ ಬರೆಯುವಾಗ ನೆನೆಸಿ, ಹೆಚ್ಚಿ, ಹಾಕಿ, ಹಿಂಡಿ. ಒಂದು ‘!’ ಕೂಡ ಬೇಕಾಗಲಿಲ್ಲ, ನೋಡಿ. ಕೊನೆಗೆ ಒಂದು ಚಮಚ ಬಾಯಿಗೆ ಹಾಕಿಕೊಂಡಾಗ ಅವಳ ಬಾಯಿಂದ ಏನು ಬರುತ್ತದೋ ಅದನ್ನೂ ಬರೆಯಲಿ. ‘ಆಹಾ!’ ಬರಬಹುದು. ‘ಅಯ್ಯೋ, ಉಪ್ಪೇ ಹಾಕಿಲ್ಲ!’ ಅಂತಲೂ ಬರಬಹುದು.