ಕ್ರಿಕೆಟ್‌ನ ತಾರೀಖುಗಳು: ಶಿರಸಿಯ ಮಾಸ್ತರರಿಗೆ ಸಂಪಾದಕರ ಉತ್ತರ

(ಪತ್ರದ ಸಾರಾಂಶ: ತಮ್ಮೂರಿನ ವಾಚನಾಲಯದ ಕಪ್ಪುಹಲಗೆಯ ಮೇಲೆ ಶಾಲೆಯ ಮಕ್ಕಳಿಗಾಗಿ ಕ್ರಿಕೆಟ್ ಸಂಗತಿಗಳನ್ನು ಬರೆಯುವ ಶಿರಸಿ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರು, ಅಂತಾರಾಷ್ಟ್ರೀಯ ಕ್ರಿಕೆಟ್‌ನ ಮುಖ್ಯ ದಿನಾಂಕಗಳ ಪಟ್ಟಿಯೊಂದನ್ನು ನಮಗೆ ಕಳಿಸಿದ್ದಾರೆ. ಮೊದಲ ಅಂತಾರಾಷ್ಟ್ರೀಯ ಪಂದ್ಯ 1877ರದ್ದೋ, ತಮ್ಮ ಮೊಮ್ಮಗ ವಾದಿಸುವಂತೆ 1844ರದ್ದೋ ಎಂದು ಕೇಳಿದ್ದಾರೆ. ಐದು ದಿನ ನಡೆಯುವ ಟೆಸ್ಟಿಗೆ ಯಾವ ದಿನವನ್ನು ವಾರ್ಷಿಕ ದಿನವೆಂದು ಹಿಡಿಯಬೇಕು, ಪಟ್ಟಿಯಲ್ಲಿ ಬಿಟ್ಟುಹೋದದ್ದು ಏನಾದರೂ ಇದೆಯೇ ಎಂಬುದು ಉಳಿದ ಪ್ರಶ್ನೆಗಳು. ಪ್ರತಿ ಜೂನ್‌ನಲ್ಲಿ 1983ರ ವಿಶ್ವಕಪ್ ಬಗ್ಗೆ ಬರೆಯುವ ನಮ್ಮ ಪತ್ರಿಕೆ ಉಳಿದ ದಿನಗಳ ಬಗ್ಗೆ ಮೌನವಾಗಿರುವುದೇಕೆ ಎಂಬ ಆಕ್ಷೇಪವೂ ಪತ್ರದಲ್ಲಿದೆ.)

ಮಾನ್ಯ ಮಾಸ್ತರರೇ,

ನಿಮ್ಮ ಮೊಮ್ಮಗನ ಮಾತು ಸರಿ, ನಿಮ್ಮದೂ ತಪ್ಪಲ್ಲ. 1844ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ಲಬ್ಬಿನ ಮೈದಾನದಲ್ಲಿ ಅಮೆರಿಕ ಮತ್ತು ಕೆನಡಾ ತಂಡಗಳು ಎದುರಾದವು. ಕೆನಡಾ 82 ಮತ್ತು 63, ಅಮೆರಿಕ 64 ಮತ್ತು 58 ರನ್ ಗಳಿಸಿ, ಕೆನಡಾ 23 ರನ್ನುಗಳಿಂದ ಗೆದ್ದಿತು. ಎರಡು ದೇಶಗಳ ಹೆಸರಿನಲ್ಲಿ ನಡೆದ ಮೊದಲ ಪಂದ್ಯ ಅದೇ. ನಿಮ್ಮ ಪಟ್ಟಿಯ ತಲೆಯಲ್ಲಿರುವ 1877ರ ಮಾರ್ಚ್ 15 ಮೊದಲ ಟೆಸ್ಟ್ ಪಂದ್ಯ ಆರಂಭವಾದ ದಿನ. ಹಲಗೆಯ ಮೇಲೆ ಎರಡೂ ಇರಲಿ, ಒಂದಕ್ಕೆ ಮೊದಲ ಅಂತಾರಾಷ್ಟ್ರೀಯ ಪಂದ್ಯ, ಇನ್ನೊಂದಕ್ಕೆ ಮೊದಲ ಟೆಸ್ಟ್ ಎಂಬ ಒಕ್ಕಣೆಯೊಂದಿಗೆ.

ಆದರೆ ಮಕ್ಕಳಿಗೆ ಇನ್ನೂ ಒಂದು ವಿಷಯವನ್ನು ತಿಳಿಸಬೇಕೆಂದು ನನಗೆ ಅನ್ನಿಸುತ್ತದೆ. ಮೆಲ್ಬರ್ನ್‌ನಲ್ಲಿ ಅಂದು ಆಡಿದವರಿಗೆ ತಾವು ಆಡುತ್ತಿರುವುದು ಮೊದಲ ಟೆಸ್ಟ್ ಎಂಬುದು ಗೊತ್ತಿರಲಿಲ್ಲ. ಜೇಮ್ಸ್ ಲಿಲಿವೈಟ್ ಇಂಗ್ಲೆಂಡಿನಿಂದ ಕಟ್ಟಿಕೊಂಡು ಬಂದಿದ್ದ ವೃತ್ತಿಪರ ಆಟಗಾರರ ಪ್ರವಾಸಿ ತಂಡ ಒಂದು ಕಡೆ, ಆಸ್ಟ್ರೇಲಿಯದ ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್ ಪ್ರಾಂತ್ಯಗಳ ಜಂಟಿ ತಂಡ ಇನ್ನೊಂದು ಕಡೆ. ಪ್ರವಾಸಿ ತಂಡದ ವಿಕೆಟ್‌ಕೀಪರ್ ಟೆಡ್ ಪೂಲಿ ನ್ಯೂಜಿಲೆಂಡಿನಲ್ಲಿ ಜಗಳವೊಂದರಲ್ಲಿ ಸಿಕ್ಕಿಬಿದ್ದು ಬಂಧನದಲ್ಲಿದ್ದುದರಿಂದ ಪಂದ್ಯಕ್ಕೇ ಬರಲಿಲ್ಲ. ಚಾರ್ಲ್ಸ್ ಬ್ಯಾನರ್‌ಮನ್ ಬೆರಳಿಗೆ ಪೆಟ್ಟಾಗಿ ನಿವೃತ್ತನಾಗುವ ಮೊದಲು 165 ರನ್ ಹೊಡೆದ. ಆಸ್ಟ್ರೇಲಿಯದ ಮೊತ್ತ 245. ಮುಗಿದ ಇನಿಂಗ್ಸೊಂದರಲ್ಲಿ ಒಬ್ಬನೇ ಇಷ್ಟು ದೊಡ್ಡ ಪಾಲು ಗಳಿಸಿದ ಆ ದಾಖಲೆ ಟೆಸ್ಟ್ ಕ್ರಿಕೆಟ್‌ನಲ್ಲಿ ಈಗಲೂ ಮುರಿಯದೆ ಉಳಿದಿದೆ. ಆಸ್ಟ್ರೇಲಿಯ 45 ರನ್ನುಗಳಿಂದ ಗೆದ್ದಿತು. ಇಂಥ ಪಂದ್ಯಗಳಲ್ಲಿ ಯಾವುವು ಟೆಸ್ಟ್, ಯಾವುವು ಅಲ್ಲ ಎಂದು ಆರಿಸಿ ಪಟ್ಟಿ ಮಾಡಿದವರು ಅಡಿಲೇಡಿನ ಪತ್ರಕರ್ತ ಕ್ಲಾರೆನ್ಸ್ ಮೂಡಿ, ಅದೂ 1890ರ ದಶಕದಲ್ಲಿ. ಆ ಪಟ್ಟಿಯನ್ನು ಎಲ್ಲರೂ ಒಪ್ಪಿಕೊಂಡಿದ್ದರಿಂದ 1877 ಮೈಲಿಗಲ್ಲಾಯಿತು. ಮೈಲಿಗಲ್ಲನ್ನು ನೆಡುವವರು ಆಟಗಾರರಲ್ಲ, ಲೆಕ್ಕ ಬರೆಯುವವರು. ಆದ್ದರಿಂದಲೇ ವಾಚನಾಲಯದ ಹಲಗೆಯ ಮೇಲೆ ನೀವು ಬರೆಯುವ ಪಟ್ಟಿಯನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದೇನೆ.

2027ರ ಮಾರ್ಚ್‌ನಲ್ಲಿ ಆ ಪಂದ್ಯಕ್ಕೆ 150 ವರ್ಷ. ನೂರು ತುಂಬಿದಾಗ, 1977ರಲ್ಲಿ, ಅದೇ ಮೆಲ್ಬರ್ನ್ ಮೈದಾನದಲ್ಲಿ ಅದೇ ಎರಡು ದೇಶಗಳು ಆಡಿದ ಶತಮಾನೋತ್ಸವ ಟೆಸ್ಟ್‌ನಲ್ಲಿಯೂ ಆಸ್ಟ್ರೇಲಿಯ ಗೆದ್ದದ್ದು ಸರಿಯಾಗಿ 45 ರನ್ನುಗಳಿಂದಲೇ. ದವಡೆ ಮುರಿದಿದ್ದ ರಿಕ್ ಮೆಕಾಸ್ಕರ್ ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು ಎರಡನೇ ಇನಿಂಗ್ಸ್‌ನಲ್ಲಿ ಬ್ಯಾಟ್ ಹಿಡಿದು ಬಂದದ್ದನ್ನು ಮಕ್ಕಳಿಗೆ ಹೇಳಿದರೆ ಅವರು 45ರ ಲೆಕ್ಕಕ್ಕಿಂತ ಅದನ್ನೇ ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತಾರೆ.

ಯಾವ ದಿನವನ್ನು ಹಿಡಿಯಬೇಕು ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟ: ಸಂಗತಿ ನಡೆದ ದಿನವನ್ನೇ. ಓವಲ್‌ನಲ್ಲಿ ಭಾರತ ಇಂಗ್ಲೆಂಡನ್ನು ಅದರ ನೆಲದಲ್ಲೇ ಮೊದಲ ಬಾರಿ ಸೋಲಿಸಿದ್ದಕ್ಕೆ ನೀವು ಪಂದ್ಯ ಆರಂಭವಾದ 1971ರ ಆಗಸ್ಟ್ 19ನ್ನು ಕೊಟ್ಟಿದ್ದೀರಿ. ಗೆಲುವು ಬಂದದ್ದು ಆಗಸ್ಟ್ 24ರಂದು. ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ ಇನಿಂಗ್ಸ್ ಇಲ್ಲದಿದ್ದರೆ ಆ ದಿನವೇ ಇಲ್ಲ. ಅವರ ಹೆಸರೂ ದಿನಾಂಕದ ಪಕ್ಕದಲ್ಲಿರಲಿ. ಭಾರತದ ಮೊಟ್ಟಮೊದಲ ಟೆಸ್ಟ್ ಗೆಲುವಿಗೂ ಇದೇ ನಿಯಮ: ವಿನೂ ಮಂಕಡ್ 12 ವಿಕೆಟ್ ಪಡೆದ ಮದ್ರಾಸಿನ ಆ ಪಂದ್ಯ ಮುಗಿದದ್ದು 1952ರ ಫೆಬ್ರುವರಿ 10ರಂದು. ಮೊದಲ ಟೆಸ್ಟ್ ಆಡಿ ಇಪ್ಪತ್ತು ವರ್ಷ ಕಾದು, ಇಪ್ಪತ್ತೈದನೆಯ ಪಂದ್ಯದಲ್ಲಿ ಸಿಕ್ಕ ಗೆಲುವು ಅದು.

ಜೂನ್ 25ರ ಬಗ್ಗೆ ನಿಮ್ಮ ಆಕ್ಷೇಪ ನ್ಯಾಯವಾದದ್ದೇ. 1983ರಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಭಾರತ ವಿಶ್ವಕಪ್ ಗೆದ್ದ ಆ ರಾತ್ರಿ ನಮ್ಮ ಕರಾವಳಿಯ ಬಹುಪಾಲು ಮನೆಗಳಲ್ಲಿ ಟಿವಿ ಇರಲಿಲ್ಲ. ರೇಡಿಯೋ ಸುತ್ತ ಕುಳಿತವರಿಗೆ ಗೆಲುವಿನ ಸುದ್ದಿ ಸಿಕ್ಕಾಗ ನಡುರಾತ್ರಿ ಸಮೀಪಿಸಿತ್ತು. ಆ ನೆನಪು ಇರುವವರು ಪ್ರತಿವರ್ಷ ನಮಗೆ ಬರೆಯುತ್ತಾರೆ, ನಾವೂ ಪ್ರಕಟಿಸುತ್ತೇವೆ. ಆದರೆ ಅದೇ ಲಾರ್ಡ್ಸ್ ಮೈದಾನದಲ್ಲಿ, ಅದೇ ಜೂನ್ 25ರಂದು, 1932ರಲ್ಲಿ ಭಾರತ ಇಂಗ್ಲೆಂಡ್ ವಿರುದ್ಧ ತನ್ನ ಮೊದಲ ಟೆಸ್ಟ್ ಆಡಲು ಇಳಿದಿತ್ತು ಎಂಬುದನ್ನು ಇದರ ಜೊತೆಗೇ ಹೇಳಬೇಕು. ಅದಕ್ಕೆ ಹತ್ತು ದಿನಗಳ ಹಿಂದಷ್ಟೇ ಯಾರ್ಕ್‌ಷೈರ್ ಪರವಾಗಿ ಮೊದಲ ವಿಕೆಟ್ಟಿಗೆ 555 ರನ್ ಕೂಡಿಸಿದ್ದ ಸಟ್‌ಕ್ಲಿಫ್ ಮತ್ತು ಹೋಮ್ಸ್, ಇಬ್ಬರನ್ನೂ ಮಹಮ್ಮದ್ ನಿಸಾರ್ ಬೌಲ್ಡ್ ಮಾಡಿದರು. ಇಂಗ್ಲೆಂಡ್ 3 ವಿಕೆಟ್ಟಿಗೆ 19. ಪಂದ್ಯವನ್ನು ಸಿ.ಕೆ. ನಾಯುಡು ಅವರ ತಂಡ 158 ರನ್ನುಗಳಿಂದ ಸೋತಿತು, ನಿಜ. ಆ ಬೆಳಗನ್ನು ಬಿಟ್ಟು ಕಪಿಲ್‌ದೇವ್ ಕೈಗೆ ಕಪ್ ಬಂದ ಸಂಜೆಯನ್ನಷ್ಟೇ ಹೇಳಿದರೆ ಕಥೆ ಅರ್ಧವಾಗುತ್ತದೆ. ಮುಂದಿನ ಜೂನ್ ಸಂಚಿಕೆಯಲ್ಲಿ ಎರಡನ್ನೂ ಸೇರಿಸಿ ಬರೆಯುತ್ತೇವೆ.

ಮೊದಲ ಏಕದಿನ ಪಂದ್ಯದ ದಿನ 1971ರ ಜನವರಿ 5 ಎಂದು ನೀವು ಬರೆದದ್ದು ಸರಿಯಾಗಿದೆ. ಮಳೆಯಿಂದ ಮೆಲ್ಬರ್ನ್ ಟೆಸ್ಟ್‌ನ ಮೊದಲ ಮೂರು ದಿನ ಕೊಚ್ಚಿಹೋದ ಕಾರಣ, ಪ್ರೇಕ್ಷಕರಿಗಾಗಿ ಎಂಟು ಎಸೆತಗಳ 40 ಓವರುಗಳ ಪಂದ್ಯವೊಂದನ್ನು ಏರ್ಪಡಿಸಿದರು ಎಂಬ ಒಂದು ಸಾಲು ಸೇರಿಸಿದರೆ ಸಾಕು.

ಈಗ ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ನಮ್ಮ ಜಿಲ್ಲೆಯ ಮಕ್ಕಳಿಗೆ ಅತ್ಯಂತ ಹತ್ತಿರವಾಗಬಲ್ಲ ಪಂದ್ಯಕ್ಕೆ ಬರುತ್ತೇನೆ. 1980ರ ಫೆಬ್ರುವರಿಯಲ್ಲಿ, 1928ರಲ್ಲಿ ಸ್ಥಾಪನೆಯಾದ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕಾಗಿ ಮುಂಬೈನ ವಾಂಖೆಡೆಯಲ್ಲಿ ಭಾರತ ಮತ್ತು ಇಂಗ್ಲೆಂಡ್ ಒಂದೇ ಒಂದು ಟೆಸ್ಟ್ ಆಡಿದವು. ಫೆಬ್ರುವರಿ 15ರ ಶುಕ್ರವಾರ ಆಟ ಆರಂಭವಾಯಿತು. ಮರುದಿನ, ಶನಿವಾರ, ಆಟವಿಲ್ಲ, ಕಾರಣ ಸೂರ್ಯಗ್ರಹಣ. ಪ್ರೇಕ್ಷಕರ ಕಣ್ಣಿಗೆ ಅಪಾಯವಾದೀತೆಂದು ಟೆಸ್ಟ್ ಪಂದ್ಯದ ನಡುವೆ ಆಗ ಇರುತ್ತಿದ್ದ ವಿಶ್ರಾಂತಿಯ ದಿನವನ್ನೇ ಅಲ್ಲಿಗೆ ತಂದಿಟ್ಟಿದ್ದರು. ಅದು ಖಗ್ರಾಸ ಗ್ರಹಣ, ಮತ್ತು ಅದರ ನೆರಳು ಅರಬ್ಬಿ ಸಮುದ್ರ ದಾಟಿ ಭಾರತದ ನೆಲವನ್ನು ಮುಟ್ಟಿದ್ದು ನಮ್ಮ ಕಾರವಾರ, ಅಂಕೋಲಾ ತೀರದಲ್ಲಿಯೇ. ಆ ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹಗಲೇ ಕತ್ತಲಾದದ್ದನ್ನು ಕಂಡ ಹಿರಿಯರು ನಿಮ್ಮ ಊರಿನಲ್ಲೂ ಇದ್ದಾರು. ಅವರು ಕಂಡ ಅದೇ ಗ್ರಹಣಕ್ಕಾಗಿ ಮುಂಬೈನಲ್ಲಿ ಟೆಸ್ಟ್ ಪಂದ್ಯವೊಂದು ಕಾದು ನಿಂತಿತ್ತು ಎಂಬುದನ್ನು ಮಕ್ಕಳಿಗೆ ಹೇಳಿ.

ಭಾನುವಾರ ಆಟ ಮುಂದುವರಿದಾಗ, ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತು. ಇಯಾನ್ ಬಾಥಮ್ ಜೊತೆಗೂಡಿದ ವಿಕೆಟ್‌ಕೀಪರ್ ಬಾಬ್ ಟೇಲರ್ ಕಪಿಲ್ ಎಸೆತದಲ್ಲಿ ಕೀಪರ್‌ಗೆ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಟೇಲರ್ ನಡೆಯಲು ಹಿಂಜರಿದರು. ಮೊದಲ ಸ್ಲಿಪ್‌ನಲ್ಲಿ ನಿಂತಿದ್ದ ನಾಯಕ ಗುಂಡಪ್ಪ ವಿಶ್ವನಾಥ್ ಚೆಂಡು ಬ್ಯಾಟಿಗೆ ತಾಗಲಿಲ್ಲವೆಂದು ಕಂಡಿದ್ದರು. ಅಂಪೈರ್ ಬಳಿ ಮಾತಾಡಿ ಟೇಲರ್ ಅವರನ್ನು ವಾಪಸು ಕರೆಸಿದರು. ಟೇಲರ್ ಗಳಿಸಿದ್ದು 43. ಬಾಥಮ್ ಜೊತೆ ಆರನೆಯ ವಿಕೆಟ್ಟಿಗೆ 171 ರನ್ ಬಂದವು. ಪಂದ್ಯವನ್ನು ಭಾರತ 10 ವಿಕೆಟ್ಟುಗಳಿಂದ ಸೋತಿತು. ಬಾಥಮ್ 114 ರನ್ ಮತ್ತು 13 ವಿಕೆಟ್ ಪಡೆದು, ಒಂದೇ ಟೆಸ್ಟ್‌ನಲ್ಲಿ ಶತಕವನ್ನೂ ಹತ್ತು ವಿಕೆಟ್ಟನ್ನೂ ಗಳಿಸಿದ ಮೊದಲ ಪುರುಷ ಆಟಗಾರರಾದರು. ಟೇಲರ್ ಪಂದ್ಯದಲ್ಲಿ ಹಿಡಿದ 10 ಕ್ಯಾಚುಗಳೂ ಆಗ ವಿಶ್ವದಾಖಲೆಯೇ. ಇಷ್ಟೆಲ್ಲ ದಾಖಲೆಗಳ ನಡುವೆ ಆ ಪಂದ್ಯದ ಮಾತು ಬಂದಾಗ ಜನ ಮೊದಲು ಹೇಳುವುದು ವಿಶ್ವನಾಥರ ಹೆಸರನ್ನು. ಉತ್ಸವ ಮಂಡಳಿಯದು, ಗೆಲುವು ಇಂಗ್ಲೆಂಡಿನದು, ನೆನಪು ಭದ್ರಾವತಿಯ ಮನುಷ್ಯನದು. ಫೆಬ್ರುವರಿ 17 ನಿಮ್ಮ ಹಲಗೆಯ ಮೇಲೆ ಬರಲೇಬೇಕು ಎಂಬುದು ನನ್ನ ಒತ್ತಾಯ.

ನೀವು ಬರೆದಿರುವ 1999ರ ಫೆಬ್ರುವರಿ 7ಕ್ಕೂ ಇಂಥದೇ ಒಂದು ಸಾಲು ಸೇರಿಸಿ. ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನ ವಿಕೆಟ್ಟೇ ಕಳೆದುಕೊಳ್ಳದೆ 101 ಮುಟ್ಟಿದ್ದಾಗ ಆರಂಭಿಸಿದ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಪಡೆದರು. ಅವರ ಮೊದಲು ಟೆಸ್ಟ್ ಪಂದ್ಯದಲ್ಲಿ ಅದನ್ನು ಸಾಧಿಸಿದ್ದವರು 1956ರಲ್ಲಿ ಜಿಮ್ ಲೇಕರ್ ಒಬ್ಬರೇ. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ತಮಗೆ ವಿಕೆಟ್ ಸಿಗದಂತೆ ಚೆಂಡನ್ನು ಆಫ್ ಸ್ಟಂಪಿನಿಂದ ಬಹಳ ದೂರಕ್ಕೆ ಎಸೆಯುತ್ತ ಹೋದರು. ಸ್ಕೋರ್‌ಪಟ್ಟಿಯಲ್ಲಿ ಆ ತ್ಯಾಗಕ್ಕೆ ಕಲಮು ಇಲ್ಲ. ನಿಮ್ಮ ಹಲಗೆಯಲ್ಲಿ ಜಾಗವಿದೆ.

ಕಡೆಯದಾಗಿ, ಬಿಟ್ಟುಹೋದದ್ದರ ಬಗ್ಗೆ. ಮೇಲೆ ಬಾಥಮ್ ಅವರನ್ನು ಮೊದಲ ಪುರುಷ ಆಟಗಾರ ಎಂದು ಬೇಕೆಂದೇ ಬರೆದೆ. ಆಸ್ಟ್ರೇಲಿಯದ ಬೆಟ್ಟಿ ವಿಲ್ಸನ್ 1958ರ ಫೆಬ್ರುವರಿಯಲ್ಲಿ ಮೆಲ್ಬರ್ನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಶತಕ ಹೊಡೆದು 11 ವಿಕೆಟ್ ಪಡೆದಿದ್ದರು. ಅದರಲ್ಲಿ ಒಂದು ಹ್ಯಾಟ್ರಿಕ್ ಕೂಡ ಇತ್ತು. ನಿಮ್ಮ ಪಟ್ಟಿಯಲ್ಲಿ ಮೊದಲ ವಿಶ್ವಕಪ್ 1975ರದ್ದು. ಮಹಿಳೆಯರ ಮೊದಲ ವಿಶ್ವಕಪ್ ಅದಕ್ಕೆ ಎರಡು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ನಡೆದು, 1973ರ ಜುಲೈ 28ರಂದು ಎಜ್‌ಬಾಸ್ಟನ್‌ನಲ್ಲಿ ಮುಗಿದಿತ್ತು. ಏಕದಿನದ ಮೊದಲ ದ್ವಿಶತಕ 2010ರ ಫೆಬ್ರುವರಿ 24ರಂದು ಗ್ವಾಲಿಯರ್‌ನಲ್ಲಿ ಸಚಿನ್ ಹೊಡೆದದ್ದು ಎಂದು ನೀವು ಬರೆದಿದ್ದೀರಿ. ಆದರೆ ಆಸ್ಟ್ರೇಲಿಯದ ಬೆಲಿಂಡಾ ಕ್ಲಾರ್ಕ್ 1997ರ ಡಿಸೆಂಬರ್ 16ರಂದು ಮುಂಬೈನಲ್ಲಿ ಡೆನ್ಮಾರ್ಕ್ ವಿರುದ್ಧ ಔಟಾಗದೆ 229 ಹೊಡೆದಿದ್ದರು. ಮೊದಲ ಅಂತಾರಾಷ್ಟ್ರೀಯ ಟಿ20 ಪಂದ್ಯವನ್ನು ಆಡಿದವರೂ ಮಹಿಳೆಯರೇ: 2004ರ ಆಗಸ್ಟ್ 5, ಹೋವ್ ಮೈದಾನ, ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್. ಪುರುಷರು ಆಡಿದ್ದು ಮರುವರ್ಷದ ಫೆಬ್ರುವರಿಯಲ್ಲಿ. ಇವನ್ನು ಪ್ರತ್ಯೇಕ ಪಟ್ಟಿಯಾಗಿ ಕೆಳಗೆ ಬರೆಯದೆ, ಅದೇ ಪಟ್ಟಿಯಲ್ಲಿ ಕಾಲಕ್ರಮದಂತೆ ಸೇರಿಸಬೇಕೆಂದು ನನ್ನ ವಿನಂತಿ. ಹಲಗೆಯ ಮುಂದೆ ನಿಲ್ಲುವ ಮಕ್ಕಳಲ್ಲಿ ಹುಡುಗಿಯರೂ ಇದ್ದಾರೆ.

ಅದರಲ್ಲಿಯೂ ಒಂದು ದಿನ ನಮ್ಮ ರಾಜ್ಯದ್ದೇ. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು 1976ರ ಅಕ್ಟೋಬರ್ 31ರಂದು, ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ, ಶಾಂತಾ ರಂಗಸ್ವಾಮಿ ಅವರ ನಾಯಕತ್ವದಲ್ಲಿ. ಕಾಯ್ದಿರಿಸದ ರೈಲು ಬೋಗಿಗಳಲ್ಲಿ ಪ್ರಯಾಣಿಸಿ, ಸಿಕ್ಕಲ್ಲಿ ಮಲಗಿ ಆಡಿದ ಪೀಳಿಗೆ ಅದು. ಅದೇ ಸರಣಿಯಲ್ಲಿ, ನವೆಂಬರ್‌ನಲ್ಲಿ, ಪಟ್ನಾದಲ್ಲಿ ಅವರು ಮೊದಲ ಟೆಸ್ಟ್ ಗೆದ್ದರು; ಪುರುಷರಿಗೆ ಇಪ್ಪತ್ತು ವರ್ಷ ಹಿಡಿದದ್ದು ಇವರಿಗೆ ಒಂದು ತಿಂಗಳೂ ಹಿಡಿಯಲಿಲ್ಲ. ಮುಂದಿನ ಜನವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಶಾಂತಾ ಹೊಡೆದ 108 ಭಾರತೀಯ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ. 2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ಹರ್ಮನ್‌ಪ್ರೀತ್ ಕೌರ್ ಅವರ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಗೆದ್ದ ದಿನವನ್ನು ನೀವು ಪಟ್ಟಿಯ ಕೊನೆಗೆ ಕೆಂಪು ಶಾಯಿಯಲ್ಲಿ ಬರೆದಿರುವುದನ್ನು ನೋಡಿ ಸಂತೋಷವಾಯಿತು. ಅದರ ಮೊದಲ ಸಾಲು ಬೆಂಗಳೂರಿನಲ್ಲಿದೆ.

2026ರ ಅಕ್ಟೋಬರ್ 31ಕ್ಕೆ ಆ ಪಂದ್ಯಕ್ಕೆ ಐವತ್ತು ವರ್ಷ ತುಂಬುತ್ತದೆ. ಅದಕ್ಕಾಗಿ ಕೆಲವು ಪುಟಗಳನ್ನು ಮೀಸಲಿಡುತ್ತೇವೆ. ನಿಮ್ಮ ಪರಿಷ್ಕೃತ ಪಟ್ಟಿಯನ್ನೂ ಅದೇ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ, ಸೆಪ್ಟೆಂಬರ್ ಮುಗಿಯುವ ಮೊದಲು ಕಳಿಸಿಕೊಡಿ. ಅಂದು ಬೆಂಗಳೂರಿನ ಗ್ಯಾಲರಿಯಲ್ಲಿ ಕುಳಿತು ಆಟ ನೋಡಿದವರು ನಮ್ಮ ಓದುಗರಲ್ಲಿ ಯಾರಾದರೂ ಇದ್ದರೆ ಅವರೂ ಬರೆಯಲಿ. ಟಿಕೆಟ್ಟಿನ ಚೂರೋ, ಫೋಟೋವೋ ಉಳಿದಿದ್ದರೆ ಮೂಲವನ್ನು ಅಂಚೆಗೆ ಹಾಕದೆ ಅದರ ಪ್ರತಿಯನ್ನು ಮಾತ್ರ ಕಳಿಸಬೇಕಾಗಿ ಕೋರುತ್ತೇನೆ.

ಸಂಪಾದಕ,
ಕಾರವಾರ