ಮಾತ್ರೆಯ ಹೊತ್ತು, ಊಟದ ಹೊತ್ತು

ಹಾಸನದ ಓದುಗರೊಬ್ಬರು ತಮ್ಮ ತಂದೆಯ ಬಗ್ಗೆ ಬರೆದಿದ್ದಾರೆ. ತಂದೆಗೆ 74 ವರ್ಷ, ಪಾರ್ಕಿನ್ಸನ್ ಕಾಯಿಲೆ. ಲೆವೊಡೋಪಾ ಮಾತ್ರೆ ನುಂಗಿದರೆ ಕೈಕಾಲು ಸಡಿಲವಾಗುತ್ತವೆ. ಆದರೆ ಕಾಳಿನ ಸಾರು, ಮೊಟ್ಟೆ ಉಂಡ ದಿನ ಮಧ್ಯಾಹ್ನದ ಮಾತ್ರೆ ಕೆಲಸವೇ ಮಾಡುವುದಿಲ್ಲವಂತೆ. ‘ವಯಸ್ಸಾದ ಮಿದುಳು ಅಮೈನೊ ಆಮ್ಲ ಹೀರುವುದಿಲ್ಲವೇ? ಅಂಗಡಿಯವರು ಹೇಳಿದ ಅಮೈನೊ ಆಮ್ಲದ ಪುಡಿ ಕೊಡಲೇ, ಇಲ್ಲ ಕಾಳು ಮೊಟ್ಟೆ ನಿಲ್ಲಿಸಲೇ?’ ಎಂದು ಕೇಳಿದ್ದಾರೆ.

ಪುಡಿ ಬೇಡ. ಕಾಳು, ಮೊಟ್ಟೆ ನಿಲ್ಲಿಸುವುದೂ ಬೇಡ. ಯಾಕೆಂದು ಹೇಳುತ್ತೇನೆ.

ಪಾರ್ಕಿನ್ಸನ್‌ನಲ್ಲಿ ಮಿದುಳಿಗೆ ಕಡಿಮೆಯಾಗುವುದು ಡೋಪಮೈನ್ ಎಂಬ ರಾಸಾಯನಿಕ. ಅದನ್ನು ನೇರವಾಗಿ ಕೊಟ್ಟರೆ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಲೆವೊಡೋಪಾ ದಾಟಿ ಒಳಗೆ ಡೋಪಮೈನ್ ಆಗುತ್ತದೆ. ಅದು ದಾಟುವುದು ಯಾಕೆಂದರೆ ಅದೂ ಒಂದು ಅಮೈನೊ ಆಮ್ಲ. ರಕ್ತನಾಳದ ಗೋಡೆಯಲ್ಲಿರುವ ಲ್ಯಾಟ್-1 ಎಂಬ ಪ್ರೋಟೀನು ಅದನ್ನು ಒಳಗೆ ಸಾಗಿಸುತ್ತದೆ. ಊಟದ ಪ್ರೋಟೀನು ಒಡೆದು ಬರುವ ಲ್ಯೂಸಿನ್, ಫೀನೈಲಲನಿನ್, ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲಗಳನ್ನೂ ಅದೇ ಲ್ಯಾಟ್-1 ಸಾಗಿಸಬೇಕು. ಎಂದಿನ ದಿನಗಳಲ್ಲೂ ಇದು ಬೆಳಗಿನ ಸಿಟಿ ಬಸ್ಸಿನ ಹಾಗೆ ಹೆಚ್ಚುಕಡಿಮೆ ಭರ್ತಿ. ಪ್ರೋಟೀನು ಜಾಸ್ತಿ ಇರುವ ಊಟವಾದ ಮೇಲೆ ಲೆವೊಡೋಪಾಕ್ಕೆ ಜಾಗ ಸಿಗುವುದು ಕಷ್ಟ.

ಇದು ಸುಮ್ನೆ ಊಹೆಯಲ್ಲ. 1984ರಲ್ಲಿ ಅಮೆರಿಕದ ಡಾ. ಜಾನ್ ನಟ್ ಮತ್ತು ಸಂಗಡಿಗರು ರೋಗಿಗಳಿಗೆ ಲೆವೊಡೋಪಾವನ್ನು ರಕ್ತನಾಳದ ಮೂಲಕವೇ ಕೊಟ್ಟರು. ಹೊಟ್ಟೆಯ ತಕರಾರೇ ಇಲ್ಲ, ರಕ್ತದಲ್ಲಿ ಔಷಧಿಯ ಮಟ್ಟವೂ ಇಳಿಯಲಿಲ್ಲ. ಆದರೂ ಪ್ರೋಟೀನಿನ ಊಟವಾಗಲಿ, ಲ್ಯೂಸಿನ್, ಫೀನೈಲಲನಿನ್ ಆಗಲಿ ಸೇರಿದೊಡನೆ ಗುಣ ಕುಗ್ಗಿತು. ಗ್ಲೈಸಿನ್, ಲೈಸಿನ್ ಕೊಟ್ಟಾಗ ಹಾಗಾಗಲಿಲ್ಲ. ಅವು ಬೇರೆ ಹಾದಿಯವು. ಈ ಪ್ರಯೋಗ ನನಗೆ ಬಹಳ ಇಷ್ಟ, ಅಷ್ಟು ಸ್ಪಷ್ಟವಾಗಿದೆ.

‘ಮೊದಲು ಹೀಗಿರಲಿಲ್ಲ’ ಎಂದೂ ಬರೆದಿದ್ದೀರಿ. ನಿಜ. ಕಾಯಿಲೆಯ ಮೊದಲ ವರ್ಷಗಳಲ್ಲಿ ಉಳಿದ ನರಕೋಶಗಳು ಡೋಪಮೈನನ್ನು ಕೂಡಿಟ್ಟುಕೊಂಡು ಸರಿದೂಗಿಸುತ್ತವೆ. ವರ್ಷ ಕಳೆದಂತೆ ಅವು ಇನ್ನೂ ಕಡಿಮೆಯಾಗುತ್ತವೆ. ಆಗ ಒಂದು ಮಾತ್ರೆ ತಡವಾದರೂ ನಡಿಗೆಯಲ್ಲಿ ಗೊತ್ತಾಗುತ್ತದೆ. ಹೊಟ್ಟೆಯಿಂದ ಆಹಾರ ನಿಧಾನವಾಗಿ ಕೆಳಗಿಳಿಯುವುದೂ ಇದಕ್ಕೆ ಸೇರಿಕೊಳ್ಳುತ್ತದೆ.

ಹಾಗಾಗಿ ಆ ಪುಡಿ ಕೊಡಬೇಡಿ. ಅಂಥ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಮೂರೂ ಮಾತ್ರೆಯ ಜೊತೆ ಪೈಪೋಟಿಗೆ ಇಳಿಯುವಂಥವೇ. ಇನ್ನು ಕಾಳು, ಮೊಸರು, ಮೊಟ್ಟೆ ಬಿಡಿಸಿದರೆ ಸ್ನಾಯು ಕರಗುತ್ತದೆ, ಬೀಳುವ ಭಯ ಹೆಚ್ಚುತ್ತದೆ. ವಯಸ್ಸಾದವರಿಗೆ ದಿನಕ್ಕೆ ದೇಹದ ತೂಕದ ಕಿಲೋಗೆ ಸುಮಾರು 1 ಗ್ರಾಂ ಪ್ರೋಟೀನಾದರೂ ಬೇಕು. ಅಪ್ಪನ ತಟ್ಟೆಯಿಂದ ಅದನ್ನು ತೆಗೆಯಲು ನಾನಂತೂ ಹೇಳಲಾರೆ.

ಬದಲಿಸಬೇಕಾದದ್ದು ಹೊತ್ತು. ಮಾತ್ರೆಯನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ, ಇಲ್ಲವೇ ಊಟವಾಗಿ ಒಂದು ಗಂಟೆಯ ಮೇಲೆ ಕೊಡುತ್ತಾರೆ. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಒಂದು ಬಾಳೆಹಣ್ಣು ಸಾಕು. ಹಗಲಿನಲ್ಲಿ ಓಡಾಟ ಮುಖ್ಯವಾದರೆ ಕಾಳು, ಮೊಟ್ಟೆಯನ್ನು ಹೆಚ್ಚಾಗಿ ರಾತ್ರಿ ಊಟಕ್ಕೆ ಸರಿಸುವ ಪದ್ಧತಿಯೂ ಇದೆ. ಎಲ್ಲರಿಗೂ ಅದು ಬೇಕಿಲ್ಲ. ನಿಮ್ಮ ತಂದೆಗೆ ಬೇಕೇ ಎಂದು ನರರೋಗ ತಜ್ಞರು ಹೇಳಲಿ. ಒಂದು ವಾರ ಮಾತ್ರೆ, ಊಟ, ಕೈಕಾಲು ಬಿಗಿಯಾದ ಸಮಯ ಮೂರನ್ನೂ ಬರೆದಿಟ್ಟು ಆ ಹಾಳೆಯನ್ನು ಅವರಿಗೆ ತೋರಿಸಿ.

ಊರಲ್ಲಿ ಯಾರಾದರೂ ನಸುಗುನ್ನಿ ಬೀಜದ ಪುಡಿ ಕೊಡಿ ಎಂದರೆ ಅದನ್ನೂ ಕೇಳದೆ ಕೊಡಬೇಡಿ. ಆ ಬೀಜದಲ್ಲಿರುವುದು ಲೆವೊಡೋಪಾವೇ. ಮಾತ್ರೆಯ ಮೇಲೆ ಇನ್ನೊಂದು ಮಾತ್ರೆ ಕೊಟ್ಟಂತಾಗುತ್ತದೆ.